ಗುಮ್ಮಟ ಯಾಕೆ? ಚಿತ್ರಕಲೆ ಓದುವ ಕೊಡಗಿನ ವಿದ್ಯಾರ್ಥಿಗಳಿಗೆ ಲಿಬರಲ್ ಆರ್ಟ್ಸ್ ಸಮಗ್ರ ಮಾರ್ಗದರ್ಶಿ

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಚಿತ್ರವನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹೈಸ್ಕೂಲಿನಲ್ಲಿ ಪೆನ್ಸಿಲ್‌ನಲ್ಲಿ ಬರೆದೆ. ಆಮೇಲೆ ಜಲವರ್ಣ. ಮೈಸೂರಿಗೆ ಬಿ.ವಿ.ಎ. (ದೃಶ್ಯಕಲೆಯ ಪದವಿ) ಓದಲು ಹೋದ ಮೇಲೆ ಅಕ್ರಿಲಿಕ್. ಎರಡನೇ ವರ್ಷದ ಜ್ಯೂರಿಗೆ, ಅಂದರೆ ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳುವ ಪರೀಕ್ಷೆಗೆ, ಅದನ್ನೇ ಇಟ್ಟಿದ್ದೆ. ಹೊರಗಿನಿಂದ ಬಂದಿದ್ದ ಮೇಡಂ ಒಬ್ಬರು ತುಂಬ ಹೊತ್ತು ನೋಡಿದರು. ಕೊಳದ ನೀರಿನಲ್ಲಿ ಪ್ರತಿಬಿಂಬ ಚೆನ್ನಾಗಿ ಬಂದಿದೆ ಅಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಶಿವನ ದೇವಸ್ಥಾನಕ್ಕೆ ಗುಮ್ಮಟ ಯಾಕಿದೆ?"

ನನ್ನ ಬಾಯಿಂದ ಮಾತೇ ಬರಲಿಲ್ಲ. ಗುಮ್ಮಟದ ಬಾಗು ನನ್ನ ಕೈಗೆ ಗೊತ್ತಿತ್ತು. ಯಾವ ಹೊತ್ತಿಗೆ ಯಾವ ಕಡೆ ನೆರಳು ಬೀಳುತ್ತದೆ ಅಂತ ಗೊತ್ತಿತ್ತು. ಅದು ಅಲ್ಲಿ ಯಾಕಿದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಈಗ ನಾನು ಮಡಿಕೇರಿಯಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಅವರಲ್ಲಿ ಕೆಲವರು ಮೈಸೂರು, ಬೆಂಗಳೂರಿನ ಚಿತ್ರಕಲಾ ಕಾಲೇಜುಗಳಿಗೆ ಹೋಗುತ್ತಾರೆ. ಕಾಲೇಜು ಕೈಯನ್ನು ಚೆನ್ನಾಗಿ ಪಳಗಿಸುತ್ತದೆ. ಪ್ರಶ್ನೆ ಕೇಳುವುದನ್ನು, ಓದುವುದನ್ನು, ಬರೆಯುವುದನ್ನು ಬಹುಮಟ್ಟಿಗೆ ನಾವೇ ಕಲಿಯಬೇಕಾಗುತ್ತದೆ. ಅದನ್ನು ಕಲಿಯಲು ದೂರ ಎಲ್ಲೂ ಹೋಗಬೇಕಿಲ್ಲ, ಊರಿನ ಒಂದು ವಸ್ತುವಿನಿಂದ ಶುರು ಮಾಡಬಹುದು. ಹೊರಡುವ ಮಕ್ಕಳಿಗೆ ನಾನು ಹೇಳುವುದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ನಮ್ಮ ಕಡೆ "ಆರ್ಟ್ಸ್ ತಗೊಂಡಿದ್ದಾಳೆ" ಅಂದರೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುತ್ತಿದ್ದಾಳೆ ಅಂತ ಅರ್ಥ. ಬ್ರಷ್ ಹಿಡಿದಿದ್ದಾಳೆ ಅಂತ ಅಲ್ಲ. "ಆರ್ಟ್ ಕಾಲೇಜು" ಅಂದರೆ ಮಾತ್ರ ಚಿತ್ರ, ಶಿಲ್ಪ. ಒಂದೇ ಮಾತು, ಎರಡು ಬೇರೆ ಲೋಕ. ಲಿಬರಲ್ ಆರ್ಟ್ಸ್ ಅನ್ನುವುದು ಈ ಎರಡರ ನಡುವಿನ ಗೋಡೆಗೆ ಬಾಗಿಲು ಇಡುವ ಕೆಲಸ.

ಲ್ಯಾಟಿನ್ ಭಾಷೆಯಲ್ಲಿ ಲಿಬರ್ ಅಂದರೆ ಸ್ವತಂತ್ರ. ಸ್ವತಂತ್ರ ಮನುಷ್ಯನಿಗೆ ಬೇಕಾದ ವಿದ್ಯೆ ಅಂತ ಯುರೋಪಿನವರು ಏಳನ್ನು ಎಣಿಸಿದ್ದರು: ವ್ಯಾಕರಣ, ತರ್ಕ, ಮಾತುಗಾರಿಕೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಈ ಪಟ್ಟಿಯಲ್ಲಿ ಚಿತ್ರಕಲೆ ಇಲ್ಲ! ಅದನ್ನು ಕೈಕಸುಬು ಅಂತ ಪಕ್ಕಕ್ಕೆ ಇಟ್ಟಿದ್ದರು. ಚಿತ್ರಕಲೆಯೂ ಬುದ್ಧಿಯ ಕೆಲಸವೇ, ಅದರಲ್ಲಿ ಗಣಿತವಿದೆ, ನಿಸರ್ಗದ ಜ್ಞಾನವಿದೆ ಅಂತ ಲಿಯೊನಾರ್ಡೊ ಡಾ ವಿಂಚಿಯಂಥವರು ವಾದ ಮಾಡಬೇಕಾಯಿತು. ನಾವು ಈಗ ಓದು ಬೇಡ, ಕೈ ಇದ್ದರೆ ಸಾಕು ಅಂದರೆ ಅವರು ಗಳಿಸಿದ್ದನ್ನು ನಾವೇ ಬಿಟ್ಟುಕೊಟ್ಟ ಹಾಗೆ.

ನಮ್ಮಲ್ಲೂ ಇದಕ್ಕೆ ಸುಂದರವಾದ ಕಥೆ ಇದೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರ ಅನ್ನುವ ರಾಜ ಮಾರ್ಕಂಡೇಯ ಮುನಿಯ ಹತ್ತಿರ ಮೂರ್ತಿ ಮಾಡುವುದನ್ನು ಹೇಳಿಕೊಡಿ ಅನ್ನುತ್ತಾನೆ. ಮುನಿ, ಅದಕ್ಕೆ ಮೊದಲು ಚಿತ್ರ ಗೊತ್ತಿರಬೇಕು ಅನ್ನುತ್ತಾನೆ. ಸರಿ, ಚಿತ್ರ ಹೇಳಿಕೊಡಿ. ಅದಕ್ಕೆ ನೃತ್ಯ ಗೊತ್ತಿರಬೇಕು. ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಹಾಡು. ಕಲ್ಲು ಕೆತ್ತಲು ಬಂದವನು ಕೊನೆಗೆ ಹಾಡಿನಿಂದ ಶುರು ಮಾಡಬೇಕಾಗುತ್ತದೆ. ನಮ್ಮ ಕಾಲೇಜುಗಳ ಗೋಡೆಯ ಮೇಲೆ ಈ ಸಂಭಾಷಣೆ ಬರೆದಿಡಬೇಕು ಅಂತ ನನಗೆ ಅನ್ನಿಸುತ್ತದೆ.

ಇದು ಬರೀ ಪುರಾಣದ ಮಾತಲ್ಲ. ಮೈಸೂರಿನ ಕೆ. ವೆಂಕಟಪ್ಪ ಚಿತ್ರಕಾರರು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತವರು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಲಯ ಅರ್ಥವಾಗಲಿ ಅಂತ ಕಥಕ್ ಅಭ್ಯಾಸ ಮಾಡಿದರು. ಅವರ ರೇಖೆ ನೋಡಿದರೆ ಆ ಅಭ್ಯಾಸ ಎಲ್ಲಿ ಹೋಯಿತು ಅಂತ ತಿಳಿಯುತ್ತದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ತಲಚೇರಿ ಕಡೆ ಹೋಗುವಾಗ ಕೂತುಪರಂಬ ಸಿಗುತ್ತದೆ, ಅಲ್ವಾ? ಚಿತ್ರಕಾರ ಕೆ.ಜಿ. ಸುಬ್ರಮಣ್ಯನ್ ಹುಟ್ಟಿದ ಊರು ಅದು. ಅವರು ಮದರಾಸಿನಲ್ಲಿ ಅರ್ಥಶಾಸ್ತ್ರ ಓದಿದರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋದರು, 1944ರಲ್ಲಿ ಶಾಂತಿನಿಕೇತನದ ಕಲಾಭವನ ಸೇರಿದರು.

ಹೆಜ್ಜೆ 2: ಸಿಲಬಸ್ ಬಿಡಿಸಿ ಕೂರಿ

ಕಾಲೇಜಿನ ನಾಲ್ಕೂ ವರ್ಷದ ಸಿಲಬಸ್ ಪ್ರಿಂಟ್ ತೆಗೆಸಿಕೊಳ್ಳಿ. ಮೂರು ಬಣ್ಣದ ಪೆನ್ಸಿಲ್ ತಗೊಳ್ಳಿ. ಕೈಕೆಲಸದ ವಿಷಯಕ್ಕೆ ಒಂದು ಬಣ್ಣ. ಕಲಾ ಇತಿಹಾಸ, ಸೌಂದರ್ಯಶಾಸ್ತ್ರದಂಥ ಥಿಯರಿಗೆ ಇನ್ನೊಂದು. ಕನ್ನಡ, ಇಂಗ್ಲಿಷ್, ಸಂವಿಧಾನ, ಪರಿಸರದಂಥ ಪತ್ರಿಕೆಗಳಿಗೆ ಮೂರನೆಯದು.

ಈ ಮೂರನೆಯ ಬಣ್ಣದ್ದನ್ನು ಎಲ್ಲರೂ "ಸುಮ್ನೆ ಪಾಸಾದರೆ ಸಾಕು" ಅಂತ ಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಅದು ತಪ್ಪು. ನಿಮ್ಮ ಲಿಬರಲ್ ಆರ್ಟ್ಸ್ ಅಲ್ಲೇ ಇದೆ, ಅದೂ ಕಾಲೇಜಿನ ಫೀಸಿನಲ್ಲೇ. ಕನ್ನಡ ಮೇಷ್ಟ್ರು ನಿಮಗೆ ಹಳಗನ್ನಡ ಪದ್ಯದಲ್ಲಿ ಬಣ್ಣದ ಹೆಸರುಗಳನ್ನು ತೋರಿಸಬಲ್ಲರು. ಹೋಗಿ ಕೇಳಿ. ಚಿತ್ರಕಲೆಯ ಹುಡುಗರು ಬಂದು ಕೇಳಿದರೆ ಅವರಿಗೆ ಖುಷಿಯೇ ಆಗುತ್ತದೆ.

ಪಟ್ಟಿಯಲ್ಲಿ ಏನೇನು ಇಲ್ಲ ಅಂತಲೂ ಗುರುತು ಮಾಡಿ. ಹೆಚ್ಚಾಗಿ ಸಿಗದೇ ಇರುವುದು ಸಮಾಜಶಾಸ್ತ್ರ, ತತ್ವಶಾಸ್ತ್ರ, ಸಂಗೀತ ಮತ್ತು ಸ್ವಲ್ಪ ವಿಜ್ಞಾನ. ಅವನ್ನು ತುಂಬಿಸಿಕೊಳ್ಳಲು ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಕೋರ್ಸ್‌ಗಳಿವೆ. ಕಲಿಯಲು ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟ್ ಬೇಕಿದ್ದರೆ ಪರೀಕ್ಷೆಗೆ ಶುಲ್ಕ ಇದೆ. ಅದರ ಕ್ರೆಡಿಟ್ ಒಪ್ಪುತ್ತಾರಾ ಅಂತ ಸೇರುವ ಮುಂಚೆಯೇ ನಿಮ್ಮ ಕಾಲೇಜಿನ ಆಫೀಸಿನಲ್ಲಿ ಕೇಳಿ. ಒಂದು ಸೆಮಿಸ್ಟರ್‌ಗೆ ಒಂದೇ ಕೋರ್ಸ್ ಸಾಕು. ಜಾಸ್ತಿ ತಗೊಂಡರೆ ಸಬ್ಮಿಷನ್ ಹೊತ್ತಿಗೆ ಎಲ್ಲವೂ ಅರ್ಧಕ್ಕೆ ನಿಲ್ಲುತ್ತದೆ.

ಹೆಜ್ಜೆ 3: ಒಂದು ವಸ್ತು ಆರಿಸಿ, ಆರು ತಿಂಗಳು ಅದರ ಜೊತೆ ಇರಿ

ಈ ಮಾರ್ಗದರ್ಶಿಯ ಜೀವ ಈ ಹೆಜ್ಜೆಯಲ್ಲಿದೆ. ಇತಿಹಾಸ ಓದಬೇಕು, ಸಮಾಜಶಾಸ್ತ್ರ ಓದಬೇಕು ಅಂತ ಪುಸ್ತಕದ ರಾಶಿ ಹಾಕಿಕೊಂಡರೆ ಹದಿನೈದು ದಿನದಲ್ಲಿ ಬೇಜಾರಾಗುತ್ತದೆ. ಅದರ ಬದಲು ಕಣ್ಣಿಗೆ ಕಾಣುವ, ಕಾಲಲ್ಲಿ ನಡೆದು ಹೋಗಬಹುದಾದ ಒಂದು ವಸ್ತು ಆರಿಸಿ. ಐನ್‌ಮನೆಯ ಕೈಯಾಲೆ, ಕೊಂಬು, ಪೀಚೆಕತ್ತಿ, ದೇವರಕಾಡು, ಕಾಫಿ ಕಣ, ಯಾವುದಾದರೂ ಸರಿ. ಪುಸ್ತಕಗಳು ಅದರ ಹಿಂದೆ ತಾವಾಗಿ ಬರುತ್ತವೆ.

ನನ್ನ ಓಂಕಾರೇಶ್ವರವನ್ನೇ ತಗೊಳ್ಳೋಣ. ಜ್ಯೂರಿ ಮುಗಿಸಿ ಊರಿಗೆ ಬಂದ ಮೇಲೆ ಒಂದು ಹೊಸ ನೋಟ್‌ಬುಕ್ ತಗೊಂಡು ಅಲ್ಲಿಗೇ ಹೋದೆ. ಚಿತ್ರ ಬರೆಯಲಿಲ್ಲ. ಪ್ರಶ್ನೆ ಬರೆದೆ. ಕಟ್ಟಿಸಿದ್ದು ಯಾರು? ಯಾವಾಗ? ನಾಲ್ಕು ಮೂಲೆಗೆ ಮಿನಾರ್ ಯಾಕೆ? ಕೊಳದ ನಡುವೆ ಮಂಟಪ ಯಾಕೆ? ಈ ಭಾರ ಹೇಗೆ ನಿಂತಿದೆ?

ಉತ್ತರಗಳು ಬೇರೆ ಬೇರೆ ಕಡೆ ಸಿಕ್ಕವು. 1820ರಲ್ಲಿ ಕಟ್ಟಿಸಿದ್ದು ಕೊಡಗನ್ನು ಆಳಿದ ಹಾಲೇರಿ ವಂಶದ ರಾಜ ಲಿಂಗರಾಜೇಂದ್ರ. ಅದು ಇತಿಹಾಸ. ರಾಜನಿಂದ ಒಬ್ಬ ಬ್ರಾಹ್ಮಣನ ಹತ್ಯೆಯಾಯಿತು, ಅವನು ಬ್ರಹ್ಮರಾಕ್ಷಸನಾಗಿ ಕಾಡಿದ, ಪರಿಹಾರಕ್ಕೆ ಕಾಶಿಯಿಂದ ಲಿಂಗ ತರಿಸಿದರು ಅಂತ ಜನ ಹೇಳುತ್ತಾರೆ. ಇದು ಐತಿಹ್ಯ. ಇವೆರಡನ್ನೂ ನೋಟ್‌ಬುಕ್‌ನಲ್ಲಿ ಬೇರೆ ಬೇರೆ ಪುಟದಲ್ಲಿ ಬರೆದೆ. ಐತಿಹ್ಯವನ್ನು ಸುಳ್ಳು ಅಂತ ಎಸೆಯಬೇಡಿ, ದಾಖಲೆ ಅಂತಲೂ ನಂಬಬೇಡಿ. ರಾಜನ ತಪ್ಪನ್ನು ಜನ ಹೇಗೆ ನೆನಪಿಟ್ಟುಕೊಂಡರು ಅಂತ ಅದು ಹೇಳುತ್ತದೆ. ಒಬ್ಬ ಚಿತ್ರಕಾರನಿಗೆ ಅದು ಬಹಳ ದೊಡ್ಡ ಸಾಮಗ್ರಿ.

ಗುಮ್ಮಟದ ಉತ್ತರ ಸಿಕ್ಕಿದ್ದು ದೇವಸ್ಥಾನದಲ್ಲಿ ಅಲ್ಲ, ಮಹದೇವಪೇಟೆಯ ಗದ್ದಿಗೆಯಲ್ಲಿ. ಅಲ್ಲಿ ದೊಡ್ಡವೀರರಾಜೇಂದ್ರ, ಅವರ ರಾಣಿ ಮಹದೇವಮ್ಮ, ಲಿಂಗರಾಜೇಂದ್ರ ಇವರ ಸಮಾಧಿಗಳಿವೆ. ಇವರು ಲಿಂಗಾಯತ ರಾಜರು. ಸತ್ತವರನ್ನು ಹೂಳುವ ಪದ್ಧತಿ ಅವರದು. ಸಮಾಧಿಗೆ ಗದ್ದಿಗೆ ಅನ್ನುತ್ತಾರೆ, ಸಿಂಹಾಸನಕ್ಕೂ ಅದೇ ಮಾತು. ಆದರೆ ಕಟ್ಟಡಕ್ಕೆ ಗುಮ್ಮಟ, ಮಿನಾರ್! ಶಿವಭಕ್ತ ರಾಜನ ಸಮಾಧಿಗೂ ಅದೇ ರೂಪ, ಶಿವನ ಗುಡಿಗೂ ಅದೇ ರೂಪ. ಪಕ್ಕದ ಶ್ರೀರಂಗಪಟ್ಟಣದಲ್ಲಿ ಅದಕ್ಕಿಂತ ಮೊದಲೇ ಟಿಪ್ಪು ಕಟ್ಟಿಸಿದ ಗುಂಬಜ್ ಇದೆ. ಅಂದರೆ ಆ ಕಾಲದ ರಾಜರಿಗೆ ಗುಮ್ಮಟ ಒಂದು ಮತದ ಗುರುತು ಮಾತ್ರ ಆಗಿರಲಿಲ್ಲ. ವೈಭವ ತೋರಿಸುವ ಭಾಷೆ ಆಗಿತ್ತು. ಟಿಪ್ಪುವಿನ ವಿರುದ್ಧ ಯುದ್ಧ ಮಾಡಿದ ಮನೆತನವೇ ಆ ಭಾಷೆಯಲ್ಲಿ ಕಟ್ಟಿಸಿತು. ಇದು ತಿಳಿದ ದಿನ ನಾನು ಗದ್ದಿಗೆಯ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕೂತಿದ್ದೆ.

ಆಮೇಲೆ ಬರೆದ ಗುಮ್ಮಟ ಬೇರೆ ಥರ ಬಂತು. ರೇಖೆ ಅದೇ. ಆದರೆ ಚಿತ್ರದಲ್ಲಿ ಯಾವುದನ್ನು ದೊಡ್ಡದು ಮಾಡಬೇಕು, ಯಾವುದನ್ನು ಬಿಡಬೇಕು ಅಂತ ನನಗೆ ಗೊತ್ತಿತ್ತು.

ನೀವು ಮಾಡಬೇಕಾದದ್ದು ಇಷ್ಟು. ವಸ್ತುವಿನ ಮುಂದೆ ಒಂದು ಗಂಟೆ ಕೂತು ಕನಿಷ್ಠ ಇಪ್ಪತ್ತು ಪ್ರಶ್ನೆ ಬರೆಯಿರಿ. ಮೊದಲ ಹತ್ತು ಸುಲಭವಾಗಿ ಬರುತ್ತವೆ, ನಿಜವಾದವು ಆಮೇಲೆ ಬರುತ್ತವೆ. ಪ್ರತಿ ಪ್ರಶ್ನೆಯ ಎದುರು ಅದನ್ನು ಯಾವ ವಿದ್ಯೆ ಉತ್ತರಿಸುತ್ತದೆ ಅಂತ ಬರೆಯಿರಿ: ಇತಿಹಾಸ, ಭೂಗೋಳ, ಭಾಷೆ, ಅರ್ಥಶಾಸ್ತ್ರ, ಭೌತಶಾಸ್ತ್ರ. ಅವುಗಳಲ್ಲಿ ಐದನ್ನು ಆರಿಸಿ, ಆರು ತಿಂಗಳು ಅವುಗಳ ಬೆನ್ನು ಹತ್ತಿ.

ಹೆಜ್ಜೆ 4: ದಿನಕ್ಕೆ ನಲವತ್ತು ನಿಮಿಷ ಓದಿ

ಚಿತ್ರ ಬರೆಯುವವರಿಗೆ ಓದು ಕಷ್ಟ ಅಂತ ಒಂದು ಮಾತಿದೆ. ನಾನು ಒಪ್ಪುವುದಿಲ್ಲ. ಅಭ್ಯಾಸ ಇಲ್ಲ, ಅಷ್ಟೇ. ಸ್ಟುಡಿಯೊಗೆ ಹೋಗುವ ಮುಂಚೆ, ಫೋನ್ ಮುಟ್ಟುವ ಮುಂಚೆ, ನಲವತ್ತು ನಿಮಿಷ ಓದಿ. ಸುಸ್ತಾದ ರಾತ್ರಿ ಹೊತ್ತಿನಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ.

ಕಷ್ಟದ ಪುಟ ಬಂದರೆ ಗಟ್ಟಿಯಾಗಿ ಓದಿ. ಗೊತ್ತಿಲ್ಲದ ಪದಕ್ಕೆ ಅಡಿಗೆರೆ ಹಾಕಿ, ಆದರೆ ನಿಲ್ಲಬೇಡಿ. ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ ಮೂರು ಸಾಲಿನಲ್ಲಿ ಬರೆಯಿರಿ: ಇವರು ಏನು ಹೇಳುತ್ತಿದ್ದಾರೆ, ಅದಕ್ಕೆ ಆಧಾರ ಏನು ಕೊಟ್ಟರು, ನನಗೆ ಎಲ್ಲಿ ಅನುಮಾನ ಬಂತು. ಮೂರನೇ ಸಾಲು ಖಾಲಿ ಇದ್ದರೆ ಮತ್ತೊಮ್ಮೆ ಓದಿ.

ಕೊಡಗಿನ ಬಗ್ಗೆ ಓದಲು ಏನೂ ಸಿಗುವುದಿಲ್ಲ ಅಂತ ಮಕ್ಕಳು ಹೇಳುತ್ತಾರೆ. ಹಾಗೇನಿಲ್ಲ. ಬಿ.ಎಲ್. ರೈಸ್ 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ತಂದಾಗ ಅದು ಕೊಡಗಿನ ಶಾಸನಗಳದ್ದೇ ಆಗಿತ್ತು. ಅಕ್ಷರ ವಿನ್ಯಾಸದಲ್ಲಿ ಆಸಕ್ತಿ ಇರುವವರು ಅದನ್ನು ಹಿಡಿದು ಕೂರಬೇಕು. ಹಳೆಯ ಕನ್ನಡ ಅಕ್ಷರಗಳು ಹೇಗೆ ತಿರುಗಿ ಈಗಿನ ರೂಪಕ್ಕೆ ಬಂದವು ಅಂತ ನೋಡುತ್ತಾ ಹೋದರೆ ಎರಡು ಸೆಮಿಸ್ಟರ್‌ಗೆ ಆಗುವಷ್ಟು ಕೆಲಸ ಇದೆ. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ ಅಧ್ಯಯನದಿಂದಲೇ ಸಂಸ್ಕೃತೀಕರಣ (ಕೆಳಗಿನದು ಅನ್ನಿಸಿಕೊಂಡ ಜಾತಿಯವರು ಮೇಲಿನ ಜಾತಿಯ ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುವುದು) ಅನ್ನುವ ವಿಚಾರ ಎಲ್ಲ ಕಡೆ ಹಬ್ಬಿತು. ಮನೆಯ ವಿಷಯವನ್ನು ಹೊರಗಿನ ಒಬ್ಬ ವಿದ್ವಾಂಸ ಹೇಗೆ ನೋಡುತ್ತಾನೆ ಅಂತ ತಿಳಿಯಲು ಅದನ್ನು ಓದಿ, ಒಪ್ಪದ ಕಡೆ ಅಂಚಿನಲ್ಲಿ ಬರೆಯಿರಿ. ಮಡಿಕೇರಿಯಲ್ಲೇ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿ ಇದೆ. ಅವರ ಪ್ರಕಟಣೆಗಳನ್ನು ಒಮ್ಮೆ ಹೋಗಿ ನೋಡಿ. ಹಾಸ್ಟೆಲಿನಲ್ಲಿ ಇರುವಾಗ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿ ಆಪ್ ನೆರವಿಗೆ ಬರುತ್ತದೆ.

ಹೆಜ್ಜೆ 5: ವಾರಕ್ಕೆ ಒಂದು ಪುಟ ಬರೆಯಿರಿ

ಪ್ರದರ್ಶನದಲ್ಲಿ ಚಿತ್ರದ ಪಕ್ಕ ಒಂದು ಟಿಪ್ಪಣಿ ಅಂಟಿಸುತ್ತಾರೆ. "ನನ್ನ ಕೃತಿಯು ಮಾನವ ಮತ್ತು ಪ್ರಕೃತಿಯ ನಡುವಿನ ಸಂಬಂಧವನ್ನು ಅನ್ವೇಷಿಸುತ್ತದೆ." ಈ ವಾಕ್ಯವನ್ನು ಯಾರ ಚಿತ್ರದ ಪಕ್ಕ ಬೇಕಾದರೂ ಅಂಟಿಸಬಹುದು. ಹಾಗಾದರೆ ಅದು ಯಾರದ್ದೂ ಅಲ್ಲ. "ಹೂಮಳೆ ತಡವಾದ ವರ್ಷ ನಮ್ಮ ಅಪ್ಪ ದಿನಾ ಸಂಜೆ ಆಕಾಶ ನೋಡುತ್ತಾ ನಿಲ್ಲುತ್ತಿದ್ದರು. ಆ ಕುತ್ತಿಗೆಯ ಬಾಗನ್ನು ಬರೆದಿದ್ದೇನೆ." ಇದು ನನ್ನ ಹತ್ತಿರ ಬರುತ್ತಿದ್ದ ಹುಡುಗಿಯೊಬ್ಬಳು ಬರೆದದ್ದು. ಕಾಫಿ ಬೆಳೆಯುವವರು ಇದನ್ನು ಓದಿ ಸುಮ್ಮನೆ ನಿಂತುಬಿಡುತ್ತಾರೆ.

ಹೀಗೆ ಬರೆಯುವುದನ್ನು ಕಲಿಯಲು ಒಂದು ಚಿತ್ರ ಇಟ್ಟುಕೊಂಡು ಮೂರು ಸುತ್ತು ಬರೆಯಿರಿ. ನಾನು ಮಕ್ಕಳಿಗೆ ಕೊಡುವುದು ಕೊಡಗಿನ ಗೌರಮ್ಮನ ಭಾವಚಿತ್ರ. ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಇವಳು. ಬ್ರಿಟಿಷರು 1834ರಲ್ಲಿ ಕೊಡಗನ್ನು ತಗೊಂಡರು. 1852ರಲ್ಲಿ ರಾಜ ಮಗಳ ಜೊತೆ ಇಂಗ್ಲೆಂಡಿಗೆ ಹೋದ. ಅದೇ ವರ್ಷ ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು. ಅದೇ ವರ್ಷ ರಾಣಿ ಹೇಳಿ ವಿಂಟರ್‌ಹಾಲ್ಟರ್ ಅನ್ನುವ ಚಿತ್ರಕಾರನಿಂದ ಅವಳ ಚಿತ್ರ ಬರೆಸಿದಳು. ಬ್ರಿಟಿಷ್ ಅರಮನೆಯ ಸಂಗ್ರಹದ ವೆಬ್‌ಸೈಟ್‌ನಲ್ಲಿ ಅದನ್ನು ನೋಡಬಹುದು.

ಮೊದಲ ಸುತ್ತಿನಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. "ಸುಂದರ", "ಅದ್ಭುತ" ಅನ್ನುವ ಮಾತು ಬೇಡ. ಭಾರತದ ಉಡುಪು, ಒಡವೆ, ಕೈಯಲ್ಲಿ ಬೈಬಲ್, ಹನ್ನೊಂದು ವರ್ಷದ ಹುಡುಗಿಯ ಮುಖ. ಎರಡನೇ ಸುತ್ತಿನಲ್ಲಿ ಪ್ರಶ್ನೆ ಕೇಳಿ. ಮತ ಬದಲಾಯಿತು, ಉಡುಪು ಯಾಕೆ ಬದಲಾಗಲಿಲ್ಲ? ಹೇಗೆ ನಿಲ್ಲಬೇಕು ಅಂತ ಯಾರು ಹೇಳಿದರು? ಚಿತ್ರ ಯಾರು ನೋಡಲಿ ಅಂತ ಬರೆಸಿದ್ದು? ಮೂರನೇ ಸುತ್ತಿನಲ್ಲಿ ನಿಮ್ಮ ಮಾತು ಹೇಳಿ, ಮೊದಲ ಸುತ್ತಿನಲ್ಲಿ ಬರೆದ ಯಾವುದಾದರೂ ಒಂದು ವಿವರವನ್ನು ಆಧಾರವಾಗಿ ಕೊಟ್ಟು. ಆಧಾರ ಇಲ್ಲದ ಮಾತನ್ನು ಹೊಡೆದು ಹಾಕಿ.

ಈ ಅಭ್ಯಾಸ ಮಾಡಿದ ಮಕ್ಕಳು ಆಮೇಲೆ ಯಾರದೇ ಭಾವಚಿತ್ರ ಬರೆಯಲು ಕೂತಾಗ ಕೈ ಎಲ್ಲಿಡಿಸಬೇಕು, ಕೈಯಲ್ಲಿ ಏನು ಕೊಡಬೇಕು ಅಂತ ಎರಡು ಸಲ ಯೋಚಿಸುತ್ತಾರೆ. ಯಾಕೆಂದರೆ ಆ ಬೈಬಲ್ ಸುಮ್ಮನೆ ಅಲ್ಲಿಗೆ ಬಂದಿಲ್ಲ ಅಂತ ಅವರಿಗೆ ಗೊತ್ತು.

ಕನ್ನಡದಲ್ಲೇ ಬರೆಯಿರಿ. ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಯೋಚನೆ ಬಂದರೆ ಆ ಮಾತನ್ನೇ ಹಾಗೇ ಇಡಿ. ಇಂಗ್ಲಿಷಿಗೆ ಆಮೇಲೆ ಮಾಡಿಕೊಳ್ಳಬಹುದು.

ಹೆಜ್ಜೆ 6: ಲೆಕ್ಕ ಮತ್ತು ವಿಜ್ಞಾನಕ್ಕೆ ಹೆದರಬೇಡಿ

ರಾಜಾಸೀಟಿನಲ್ಲಿ ನಿಂತರೆ ಹತ್ತಿರದ ಬೆಟ್ಟ ಹಸಿರು, ಅದರ ಹಿಂದಿನದು ನೀಲಿ, ಕೊನೆಯದು ಆಕಾಶಕ್ಕೆ ಸೇರಿಹೋಗುತ್ತದೆ. ನಾವೆಲ್ಲ ಹಾಗೇ ಬರೆಯುತ್ತೇವೆ. ಯಾಕೆ ನೀಲಿ? ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿ ಬೆಳಕನ್ನು ಚದುರಿಸುತ್ತದೆ. ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ಚದುರುತ್ತದೆ. ಬೆಟ್ಟ ದೂರವಾದಷ್ಟೂ ನಡುವಿನ ಗಾಳಿ ಜಾಸ್ತಿ, ಅದರಿಂದ ನಮ್ಮ ಕಣ್ಣಿಗೆ ಬರುವ ನೀಲಿಯೂ ಜಾಸ್ತಿ. ಮಂಜು ಬಂದರೆ ಕಥೆ ಬೇರೆ. ಅದರ ನೀರಿನ ಹನಿಗಳು ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ರೀತಿ ಚದುರಿಸುತ್ತವೆ, ಆದ್ದರಿಂದ ಮಂಜು ಬಿಳಿ. ಇದು ತಿಳಿದ ಮೇಲೆ ಮಂಜಿನ ಚಿತ್ರಕ್ಕೆ ನೀಲಿ ಸುರಿಯುವುದು ತಾನಾಗಿ ಕಡಿಮೆಯಾಗುತ್ತದೆ.

ಕುಶಾಲನಗರ ದಾಟಿದರೆ ಬೈಲುಕುಪ್ಪೆ. ಟಿಬೆಟಿನವರ ತಂಗ್ಕಾ ಚಿತ್ರಗಳನ್ನು ನೋಡಲು ಒಂದು ದಿನ ಇಡಿ. ಬುದ್ಧನ ಮುಖ ಬರೆಯುವ ಮುಂಚೆ ಅವರು ಅಳತೆಯ ಗೆರೆಗಳ ಜಾಲ ಹಾಕುತ್ತಾರೆ. ಕಣ್ಣು ಎಲ್ಲಿ, ಮೊಣಕಾಲು ಎಲ್ಲಿ ಅಂತ ಎಲ್ಲದಕ್ಕೂ ಪ್ರಮಾಣವಿದೆ. ಅಲ್ಲಿ ಗಣಿತವೂ ಭಕ್ತಿಯೂ ಒಂದೇ ಹಾಳೆಯ ಮೇಲೆ ಇವೆ. ನಮ್ಮ ಶಿಲ್ಪಶಾಸ್ತ್ರದಲ್ಲಿ ಮೂರ್ತಿಯ ಅಳತೆ ಹೇಳುವ ತಾಲಮಾನದ ಜೊತೆ ಅದನ್ನು ಹೋಲಿಸಿ ನೋಡಿ.

ದುಡ್ಡಿನ ಲೆಕ್ಕವೂ ಈ ಹೆಜ್ಜೆಯಲ್ಲೇ ಬರುತ್ತದೆ. ಕ್ಯಾನ್‌ವಾಸ್, ಬಣ್ಣ, ಫ್ರೇಮ್, ಬಸ್ ಚಾರ್ಜ್, ನಿಮ್ಮ ಗಂಟೆಗಳು, ಎಲ್ಲವನ್ನೂ ಬರೆದಿಡಿ. ಇಲ್ಲದಿದ್ದರೆ ಮೊದಲ ಚಿತ್ರ ಮಾರುವಾಗ ನಷ್ಟಕ್ಕೆ ಕೊಟ್ಟು ಬರುತ್ತೀರಿ.

ಹೆಜ್ಜೆ 7: ಯಾರ ಕೊಡಗು ಅಂತ ಕೇಳಿಕೊಳ್ಳಿ

ಕೊಡಗಿನ ಚಿತ್ರ ಅಂದ ಕೂಡಲೇ ಎಲ್ಲರ ಕೈಗೂ ಬರುವುದು ಕುಪ್ಯಚೇಲೆ, ಮಂಜು, ಕಾಫಿ ಹೂ, ಆನೆ. ಇವೆಲ್ಲ ನಮ್ಮವೇ, ಚೆಂದವೇ. ಆದರೆ ತೋಟದ ಲೈನ್ ಮನೆಯನ್ನು ಎಷ್ಟು ಜನ ಬರೆದಿದ್ದೀರಿ? ಎರವರು, ಕುರುಬರು, ಕುಡಿಯರು ಇರುವ ಹಾಡಿಗಳನ್ನು? ಬೆಳಿಗ್ಗೆ ಜೀಪಿನ ಹಿಂದೆ ನಿಂತು ಕೆಲಸಕ್ಕೆ ಹೋಗುವ ಹೆಂಗಸರನ್ನು? ಸಮಾಜಶಾಸ್ತ್ರ ಕಲಿಸುವ ಮುಖ್ಯ ಪಾಠ ಇದು. ಚೌಕಟ್ಟಿನಿಂದ ಹೊರಗೆ ಯಾರು ಉಳಿದರು ಅಂತ ನೋಡುವುದು.

ಬೆಟ್ಟದ ವಿಷಯದಲ್ಲೂ ಹಾಗೇ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಮನೆ, ತೋಟ, ಜನ ಹೋದರು. ಅದಾದ ಮೇಲೂ ಬೆಟ್ಟವನ್ನು ಬರೀ ನೀಲಿ ಗೆರೆಯಾಗಿ ಬರೆಯುವುದು ನನಗೆ ಸಾಧ್ಯವಾಗಲಿಲ್ಲ. ಮಣ್ಣು ಎಷ್ಟು ನೀರು ಹಿಡಿಯುತ್ತದೆ, ಇಳಿಜಾರಿನ ಬುಡ ಕತ್ತರಿಸಿದರೆ ಏನಾಗುತ್ತದೆ ಅಂತ ಕೇಳಿ ತಿಳಿದುಕೊಂಡೆ. ನಿಸರ್ಗ ಚಿತ್ರ ಬರೆಯುವವರಿಗೆ ಭೂಗೋಳ ಬೇಕೇ ಬೇಕು.

ಕೇಳಿ ತಿಳಿದುಕೊಳ್ಳುವುದಕ್ಕೂ ಒಂದು ಕ್ರಮವಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನಲ್ಲಿ ಹಿರಿಯರ ಬಾಯಿಂದ ಕೊಡವ ಹಾಡುಗಳನ್ನು ಕೇಳಿ ಬರೆದುಕೊಂಡರು. 1924ರಲ್ಲಿ ಅದು ಪಟ್ಟೋಲೆ ಪಳಮೆಯಾಗಿ ಅಚ್ಚಾಯಿತು. ಆಗ ಜೇಬಿನಲ್ಲಿ ಇಡುವಂಥ ರೆಕಾರ್ಡರ್ ಇರಲಿಲ್ಲ. ನಿಮ್ಮ ಜೇಬಿನಲ್ಲಿ ಈಗ ಇದೆ. ಆದರೂ ಫೋನ್ ತೆಗೆಯುವ ಮುಂಚೆ ಅನುಮತಿ ಕೇಳಿ. ಮೊದಲ ದಿನ ರೆಕಾರ್ಡ್ ಮಾಡಲೇಬೇಡಿ, ಕೂತು ಕಾಫಿ ಕುಡಿದು ಬನ್ನಿ. "ನಿಮ್ಮ ಸಂಸ್ಕೃತಿ ಬಗ್ಗೆ ಹೇಳಿ" ಅಂತ ಯಾವತ್ತೂ ಕೇಳಬೇಡಿ, ಅದಕ್ಕೆ ಯಾರೂ ಉತ್ತರ ಹೇಳಲಾರರು. "ಅಜ್ಜಿ, ನಿಮ್ಮ ಮದುವೆಯ ದಿನ ಈ ಐಮರದ ಮೇಲೆ ಯಾರು ಕೂತಿದ್ದರು?" ಅಂತ ಕೇಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ. ಬೇಡ ಅಂದ ಭಾಗ ತೆಗೆಯಿರಿ. ಅವರ ಚಿತ್ರ ಬರೆದರೆ ಒಂದು ಪ್ರತಿ ಅವರ ಮನೆಗೆ ಕೊಡಿ.

ಹೆಜ್ಜೆ 8: ಬೇರೆ ವಿಷಯ ಓದುವ ಗೆಳೆಯರನ್ನು ಹುಡುಕಿ

ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಒಬ್ಬ ವಿದ್ಯಾರ್ಥಿಯ ಜೊತೆ ದೇವರಕಾಡಿನಲ್ಲಿ ಅರ್ಧ ದಿನ ನಡೆಯಿರಿ. ನೀವು "ಮರ" ಅಂತ ಬರೆಯುವ ಕಡೆ ಅವರಿಗೆ ಹತ್ತು ಬೇರೆ ಮರ ಕಾಣುತ್ತದೆ. ನಿಮಗೆ ಕಾಣುವ ಬೆಳಕು ಅವರಿಗೆ ಕಂಡಿರುವುದಿಲ್ಲ. ಇತಿಹಾಸದವರು ಒಬ್ಬರು, ವಿಜ್ಞಾನದವರು ಒಬ್ಬರು, ಹಾಡುವವರು ಒಬ್ಬರು, ನೀವು. ತಿಂಗಳಿಗೊಮ್ಮೆ ಸೇರಿ, ಒಬ್ಬರು ಹದಿನೈದು ನಿಮಿಷ ಮಾತಾಡಲಿ, ಉಳಿದವರು ಪ್ರಶ್ನೆ ಕೇಳಲಿ. ನಾಲ್ಕು ಜನ ಸಾಕು.

ವರ್ಷದ ಲೆಕ್ಕದಲ್ಲಿ

ಮೊದಲ ವರ್ಷ ಫೌಂಡೇಶನ್ ಕೆಲಸವೇ ತುಂಬ ಇರುತ್ತದೆ. ಓದುವ ಅಭ್ಯಾಸ, ಪ್ರಶ್ನೆಯ ನೋಟ್‌ಬುಕ್, ಇವೆರಡು ಸಾಕು. ಎರಡನೇ ವರ್ಷ ವಸ್ತು ಆರಿಸಿ, ವಾರದ ಪುಟ ಶುರು ಮಾಡಿ. ದಸರಾ ರಜೆ, ಹುತ್ತರಿ ರಜೆಗೆ ಊರಿಗೆ ಬಂದಾಗ ಹಿರಿಯರನ್ನು ಮಾತಾಡಿಸಿ. ಮೂರನೇ ವರ್ಷ ಆ ಓದು ನಿಮ್ಮ ಸ್ಟುಡಿಯೊ ಕೆಲಸದೊಳಗೆ ಬರಬೇಕು. ಬರದಿದ್ದರೆ ವಸ್ತು ಬದಲಾಯಿಸಿ, ಅದರಲ್ಲಿ ಏನೂ ತಪ್ಪಿಲ್ಲ. ನಾಲ್ಕನೇ ವರ್ಷ ಹದಿನೈದು ಪುಟದ ಒಂದು ಪ್ರಬಂಧ ಮತ್ತು ಅದಕ್ಕೆ ಹೊಂದುವ ಚಿತ್ರಗಳ ಸರಣಿ ಮುಗಿಸಿ.

ಮನೆಯಲ್ಲಿ ಕೇಳುತ್ತಾರೆ, ಇದರಿಂದ ಕೆಲಸ ಸಿಗುತ್ತದಾ ಅಂತ. ನ್ಯಾಯವಾದ ಪ್ರಶ್ನೆ ಅದು, ಕೋಪ ಮಾಡಿಕೊಳ್ಳಬೇಡಿ. ಡಿಗ್ರಿಯ ಮೇಲೆ ಇನ್ನೊಂದು ಡಿಗ್ರಿ ಇದರಿಂದ ಸಿಗುವುದಿಲ್ಲ. ಆದರೆ ಮ್ಯೂಸಿಯಂ, ಪುಸ್ತಕಗಳಿಗೆ ಚಿತ್ರ ಬರೆಯುವುದು, ಅನಿಮೇಷನ್, ಹಳೆಯ ಕಟ್ಟಡಗಳ ದಾಖಲಾತಿ, ಕಲಾ ಶಿಕ್ಷಕರ ಕೆಲಸ, ಎಂ.ವಿ.ಎ. ಪ್ರವೇಶದ ಸಂದರ್ಶನ, ಎಲ್ಲ ಕಡೆಯೂ ನಿಮ್ಮ ಕೆಲಸದ ಬಗ್ಗೆ ಮಾತಾಡಲು ಮತ್ತು ಬರೆಯಲು ಬರಬೇಕು. ಅಪ್ಪ ಅಮ್ಮನಿಗೆ ಮಾತಿನಲ್ಲಿ ಹೇಳುವುದಕ್ಕಿಂತ ನೋಟ್‌ಬುಕ್ ತೋರಿಸಿ. ನಮ್ಮ ಮನೆಯಲ್ಲಿ ಅಪ್ಪ ನನ್ನ ಚಿತ್ರಗಳನ್ನು ಸುಮ್ಮನೆ ನೋಡಿ ಇಡುತ್ತಿದ್ದರು. ಗದ್ದಿಗೆಯ ಪುಟಗಳನ್ನು ಮಾತ್ರ ಕೂತು ಓದಿದರು, ಎರಡು ಕಡೆ ತಿದ್ದಿದರು.

ಮೊದಲ ದಿನಕ್ಕೆ

ಈ ಭಾನುವಾರ ಬೆಳಿಗ್ಗೆ ಬೇಗ ಹೋಗಿ, ಜನ ಬರುವ ಮುಂಚೆ. ಗೆರೆ ಇಲ್ಲದ ನೋಟ್‌ಬುಕ್, ಎರಡು ಪೆನ್ಸಿಲ್, ಮಳೆಗಾಲವಾದರೆ ಕೊಡೆ ಮತ್ತು ನೋಟ್‌ಬುಕ್‌ಗೆ ಪ್ಲಾಸ್ಟಿಕ್ ಕವರ್. ಫೋನ್ ಬ್ಯಾಗಿನಲ್ಲೇ ಇರಲಿ. ಓಂಕಾರೇಶ್ವರಕ್ಕೇ ಹೋಗುವುದಾದರೆ ಕೊಳದ ಈ ಬದಿಯ ಮೆಟ್ಟಿಲಿನ ಮೇಲೆ ಕೂರಿ. ಗಾಳಿ ಇಲ್ಲದಿದ್ದರೆ ಗುಮ್ಮಟ ಎರಡು ಕಾಣುತ್ತದೆ. ಇಪ್ಪತ್ತು ಪ್ರಶ್ನೆ ಆಗುವವರೆಗೆ ಚಿತ್ರಕ್ಕೆ ಕೈ ಹಾಕಬೇಡಿ. ಗುಮ್ಮಟ ಯಾಕೆ ಅನ್ನುವುದನ್ನು ನಾನು ಕೇಳಿ ಆಗಿದೆ, ನೀವು ಮಂಟಪದಿಂದ ಶುರು ಮಾಡಿ.